‘ಮಾಡ್ಲಾಕತ್ತೀನಿ’ ಗೊತ್ತಿದ್ದವರಿಗೆ ಇಂಗ್ಲಿಷ್ ಟೆನ್ಸ್: ಕಲಬುರಗಿ ಕನ್ನಡದ ಮೂಲಕ ಕ್ರಿಯಾಪದದ ಕಾಲಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆ ಮನೆಯಲ್ಲಿ ದಿನಾ ಆಡುವ ನಾಲ್ಕು ಮಾತು ತಗೊಳ್ಳಿ.

ನಾ ಈ ಕೆಲಸ ಮಾಡ್ತೀನಿ.
ನಾ ಈ ಕೆಲಸ ಮಾಡ್ಲಾಕತ್ತೀನಿ.
ನಾ ಈ ಕೆಲಸ ಮಾಡೀನಿ.
ನಾ ಈ ಕೆಲಸ ಮಾಡ್ದೆ.

ನಾಲ್ಕೂ ಬೇರೆ ಬೇರೆ ಎಂದು ಐದು ವರ್ಷದ ಮಗುವಿಗೂ ಗೊತ್ತು. ಊರಿಂದ ಊರಿಗೆ ಉಚ್ಚಾರ ಬದಲಾಗುತ್ತದೆ. ಒಬ್ಬರು ‘ಮಾಡಾಕತ್ತೀನಿ’ ಅಂದರೆ ಇನ್ನೊಬ್ಬರು ‘ಮಾಡ್ಲತ್ತೀನಿ’ ಅನ್ನುತ್ತಾರೆ. ವ್ಯತ್ಯಾಸ ಮಾತ್ರ ಎಲ್ಲ ಕಡೆ ಉಳಿದಿದೆ. ಈಗ ಇಂಗ್ಲಿಷಿನವು: ಐ ಡೂ ದಿಸ್ ವರ್ಕ್. ಐ ಆಮ್ ಡೂಯಿಂಗ್ ದಿಸ್ ವರ್ಕ್. ಐ ಹ್ಯಾವ್ ಡನ್ ದಿಸ್ ವರ್ಕ್. ಐ ಡಿಡ್ ದಿಸ್ ವರ್ಕ್. ಸಾಲಿಗೆ ಸಾಲು ಹೊಂದುತ್ತದೆ. ಸಿಂಪಲ್ ಪ್ರೆಸೆಂಟ್, ಪ್ರೆಸೆಂಟ್ ಕಂಟಿನ್ಯುಯಸ್, ಪ್ರೆಸೆಂಟ್ ಪರ್ಫೆಕ್ಟ್, ಸಿಂಪಲ್ ಪಾಸ್ಟ್ ಎಂದು ಶಾಲೆಯಲ್ಲಿ ಹೆದರಿಸುವ ಹೆಸರುಗಳು ಇವಕ್ಕೇ ಇರುವುದು.

ತೊಡಕು ಬರುವುದು ಬೇರೆ ಕಡೆಯಿಂದ. ವ್ಯಾಕರಣ ಪುಸ್ತಕದ ಕನ್ನಡದಲ್ಲಿ ಮಾಡುತ್ತೇನೆ, ಮಾಡಿದೆನು, ಮಾಡುವೆನು ಎಂದು ಮೂರೇ ಕಾಲ. ಆ ಮೂರನ್ನು ಹಿಡಿದುಕೊಂಡು ಹನ್ನೆರಡು ಇಂಗ್ಲಿಷ್ ಟೆನ್ಸ್‌ಗಳ ಚಾರ್ಟ್ ಎದುರು ಕೂತರೆ ಒಂಬತ್ತು ಎಲ್ಲಿಂದಲೋ ಉದುರಿದಂತೆ ಕಾಣುತ್ತವೆ. ಹಾಗಾಗಿ ಈ ಬರಹದ ಮೊದಲ ಸೂತ್ರ: ಇಂಗ್ಲಿಷಿಗೆ ತರುವ ಮುಂಚೆ ವಾಕ್ಯವನ್ನು ಪುಸ್ತಕದ ಕನ್ನಡದಲ್ಲಿ ಅಲ್ಲ, ಮನೆಮಾತಿನಲ್ಲಿ ಹೇಳಿಕೊಳ್ಳಿ. ಮನೆಯಲ್ಲಿ ದಖನಿ ಉರ್ದು ಆಡುವವರಿಗೂ ಇದೇ ದಾರಿ ನಡೆಯುತ್ತದೆ. ‘ಜಾತಾ’ (ಹೋಗ್ತಾನ) ಬೇರೆ, ‘ಜಾರಾ’ (ಹೋಗ್ಲಾಕತ್ತಾನ) ಬೇರೆ ಎಂಬುದು ಅವರ ಕಿವಿಗೂ ಗೊತ್ತಿರುವ ಸಂಗತಿ.

ಮೊದಲು ಸಾಮಾನು: ಐದು ರೂಪ

ಕನ್ನಡದ ಕ್ರಿಯಾಪದ ಆಳಿಗೆ ತಕ್ಕಂತೆ ಬದಲಾಗುತ್ತದೆ: ಹೋದೆ, ಹೋದಿ, ಹೋದ, ಹೋದಳು, ಹೋದರು, ಹೋಯಿತು. ಇಂಗ್ಲಿಷಿನಲ್ಲಿ ಈ ಆರಕ್ಕೂ ಒಂದೇ ‘ವೆಂಟ್’. ಒಂದು ಕ್ರಿಯಾಪದಕ್ಕೆ ಹೆಚ್ಚೆಂದರೆ ಐದು ರೂಪ: ಗೋ, ಗೋಸ್, ವೆಂಟ್, ಗಾನ್, ಗೋಯಿಂಗ್. ಗೋ, ವೆಂಟ್, ಗಾನ್ ಇವುಗಳಿಗೆ ಕ್ಲಾಸಿನಲ್ಲಿ ಹೇಳುವ ವಿ-ಒನ್, ವಿ-ಟೂ, ವಿ-ಥ್ರೀ ಎಂಬ ಹೆಸರನ್ನೇ ಇಲ್ಲಿಯೂ ಇಟ್ಟುಕೊಳ್ಳೋಣ. ‘ಬಿ’ ಒಂದಕ್ಕೆ ಮಾತ್ರ ಎಂಟು: ಬಿ, ಆಮ್, ಇಸ್, ಆರ್, ವಾಸ್, ವರ್, ಬೀನ್, ಬೀಯಿಂಗ್.

ವಿ-ಟೂ, ವಿ-ಥ್ರೀ ಎರಡಕ್ಕೂ ಕೊನೆಗೆ ಇ-ಡಿ ಹತ್ತುವ ಕ್ರಿಯಾಪದಗಳೇ ಬಹುಪಾಲು. ಅವುಗಳ ಉಚ್ಚಾರದಲ್ಲಿ ನಮ್ಮವರು ತಪ್ಪುವುದು ಜಾಸ್ತಿ, ಏಕೆಂದರೆ ಬರೆದದ್ದನ್ನು ಬರೆದಂತೆ ಓದುವುದು ಕನ್ನಡದ ರೂಢಿ. ‘ವಾಕೆಡ್’, ‘ಕುಕೆಡ್’ ಎನ್ನಬಾರದು. ಮೂಲ ಪದ ಕ್, ಪ್, ಸ್, ಶ್, ಚ್, ಫ್ ಸದ್ದಿನಿಂದ ಮುಗಿದರೆ ಇ-ಡಿಯ ಸದ್ದು ‘ಟ್’: ವಾಕ್ಟ್, ಕುಕ್ಟ್, ವಾಷ್ಟ್. ಟ್ ಅಥವಾ ಡ್‌ನಿಂದ ಮುಗಿದರೆ ಮಾತ್ರ ‘ಇಡ್’: ವಾಂಟಿಡ್, ನೀಡಿಡ್. ಉಳಿದ ಎಲ್ಲ ಕಡೆ ಬರೀ ‘ಡ್’: ಪ್ಲೇಡ್, ಓಪನ್ಡ್. ಬೇಗ ಮಾತಾಡುವಾಗ ಈ ಕೊನೆಯ ಸದ್ದನ್ನು ನುಂಗಿದರೆ ನಿನ್ನೆಯದು ಇವತ್ತಿನದಾಗಿ ಕೇಳಿಸುತ್ತದೆ.

ಬರೆಯುವಾಗ ಮೂರು ಕಡೆ ಎಚ್ಚರ ಬೇಕು. ‘ಸ್ಟಡಿ’ಯಂತೆ ವ್ಯಂಜನದ ನಂತರ ವೈ ಇದ್ದರೆ ಅದು ಐ ಆಗುತ್ತದೆ: ಸ್ಟಡೀಸ್, ಸ್ಟಡೀಡ್. ‘ಪ್ಲೇ’ಯಲ್ಲಿ ವೈ ಹಿಂದೆ ಸ್ವರ ಇರುವುದರಿಂದ ಅದು ಹಾಗೇ ಉಳಿಯುತ್ತದೆ. ‘ಸ್ಟಾಪ್’ನಂಥ ಒಂದೇ ಉಸಿರಿನ ಸಣ್ಣ ಪದ ಒಂದು ಸ್ವರ, ಒಂದು ವ್ಯಂಜನದಿಂದ ಮುಗಿದರೆ ಕೊನೆಯ ಅಕ್ಷರ ಇಮ್ಮಡಿಯಾಗುತ್ತದೆ, ಅಂದರೆ ‘ಸ್ಟಾಪಿಂಗ್’ನಲ್ಲಿ ಎರಡು ಪಿ. ‘ಮೇಕ್’ನ ಕೊನೆಯ ಇ ‘ಮೇಕಿಂಗ್’ನಲ್ಲಿ ಬಿದ್ದುಹೋಗುತ್ತದೆ.

ನಿಯಮಕ್ಕೆ ಸಿಗದ ಕ್ರಿಯಾಪದಗಳು ಸುಮಾರು 200 ಇವೆ. ದಿನದ ಮಾತಿಗೆ 60 ಸಾಕು. ಅವನ್ನು ಅಕಾರಾದಿಯಾಗಿ ಬಾಯಿಪಾಠ ಮಾಡುವುದು ದಂಡ. ಸದ್ದಿನ ಮೇಲೆ ಗುಂಪು ಮಾಡಿ. ಕಟ್, ಪುಟ್, ಶಟ್, ಹಿಟ್, ಕಾಸ್ಟ್ ಇವು ಮೂರೂ ರೂಪದಲ್ಲಿ ಒಂದೇ. ಬ್ರಿಂಗ್-ಬ್ರಾಟ್, ಬೈ-ಬಾಟ್, ಥಿಂಕ್-ಥಾಟ್, ಟೀಚ್-ಟಾಟ್, ಕ್ಯಾಚ್-ಕಾಟ್ ಒಂದು ಮನೆತನ. ಸಿಂಗ್-ಸ್ಯಾಂಗ್-ಸಂಗ್ ಜೊತೆ ರಿಂಗ್, ಡ್ರಿಂಕ್, ಸ್ವಿಮ್, ಬಿಗಿನ್ ಬರುತ್ತವೆ. ಸ್ಪೀಕ್-ಸ್ಪೋಕ್-ಸ್ಪೋಕನ್ ಜೊತೆ ಬ್ರೇಕ್, ಸ್ಟೀಲ್, ಚೂಸ್. ನೋ-ನ್ಯೂ-ನೋನ್ ಜೊತೆ ಗ್ರೋ, ಥ್ರೋ, ಬ್ಲೋ. ಕಮ್-ಕೇಮ್-ಕಮ್, ರನ್-ರ‍್ಯಾನ್-ರನ್ ಹೋಗಿ ಬಂದು ಮೊದಲಿನ ರೂಪಕ್ಕೇ ನಿಲ್ಲುತ್ತವೆ. ‘ಓದು’ ಎಂಬ ಅರ್ಥದ ರೀಡ್ ಮೂರೂ ಕಡೆ ಒಂದೇ ಕಾಗುಣಿತದಲ್ಲಿದ್ದರೂ ವಿ-ಟೂ, ವಿ-ಥ್ರೀಗಳನ್ನು ‘ರೆಡ್’ ಎಂದು ಓದಬೇಕು.

ರೈಲು ಡಬ್ಬಿಯ ಕೊಂಡಿ

ಹನ್ನೆರಡು ಟೆನ್ಸ್‌ಗಳ ಚಾರ್ಟ್ ಪಾಠ ಮಾಡಬೇಕಿಲ್ಲ. ವಾಡಿ ಜಂಕ್ಷನ್‌ನಲ್ಲಿ ಡಬ್ಬಿಗೆ ಡಬ್ಬಿ ಜೋಡಿಸುವುದನ್ನು ನೆನಪಿಗೆ ತಂದುಕೊಳ್ಳಿ. ಇಂಗ್ಲಿಷಿನಲ್ಲಿ ಸಹಾಯಕ ಪದಗಳು ಯಾವಾಗಲೂ ಇದೇ ಸರದಿಯಲ್ಲಿ ನಿಲ್ಲುತ್ತವೆ: ಮೊದಲು ವಿಲ್, ಆಮೇಲೆ ಹ್ಯಾವ್, ಆಮೇಲೆ ಬಿ, ಕೊನೆಗೆ ಮುಖ್ಯ ಕ್ರಿಯಾಪದ. ಬೇಡದ್ದನ್ನು ಬಿಡಬಹುದು, ಸರದಿ ತಪ್ಪಿಸುವಂತಿಲ್ಲ. ಪ್ರತಿ ಡಬ್ಬಿ ತನ್ನ ಹಿಂದಿನದಕ್ಕೆ ಮಾತ್ರ ಕೊಂಡಿ ಹಾಕುತ್ತದೆ:

ವಿಲ್ ಹಿಂದೆ ವಿ-ಒನ್.
ಹ್ಯಾವ್, ಹ್ಯಾಸ್, ಹ್ಯಾಡ್ ಹಿಂದೆ ವಿ-ಥ್ರೀ.
ಬಿ, ಆಮ್, ಇಸ್, ಆರ್, ವಾಸ್, ವರ್, ಬೀನ್ ಹಿಂದೆ ಇಂಗ್ (ಗೋಯಿಂಗ್ ಥರದ ರೂಪ).
ಡೂ, ಡಸ್, ಡಿಡ್ ಹಿಂದೆ ವಿ-ಒನ್.

ಕಾಲವೂ ಆಳೂ ಕಾಣುವುದು ಮೊದಲ ಡಬ್ಬಿಯಲ್ಲಿ ಮಾತ್ರ. ‘ಶಿ ಹ್ಯಾಸ್ ಬೀನ್ ವರ್ಕಿಂಗ್’ ಬಿಡಿಸಿ ನೋಡಿ. ‘ಹ್ಯಾಸ್’ ಇರುವುದರಿಂದ ‘ಬಿ’ಯ ವಿ-ಥ್ರೀ ಆದ ‘ಬೀನ್’ ಬಂತು. ‘ಬೀನ್’ ಇರುವುದರಿಂದ ‘ವರ್ಕಿಂಗ್’ ಬಂತು. ಮೊದಲ ಡಬ್ಬಿ ‘ಹ್ಯಾಡ್’ ಆದರೆ ಇಡೀ ಗಾಡಿ ಭೂತಕಾಲಕ್ಕೆ ಹೋಗುತ್ತದೆ, ಉಳಿದ ಡಬ್ಬಿ ಅಲುಗುವುದಿಲ್ಲ.

ಈ ನಾಲ್ಕು ಕೊಂಡಿ ಗಟ್ಟಿಯಾದರೆ ಅರ್ಧ ತಪ್ಪುಗಳು ತಾವಾಗಿ ನಿಲ್ಲುತ್ತವೆ. ‘ಐ ಆಮ್ ಗೋ’ ತಪ್ಪು, ಏಕೆಂದರೆ ಆಮ್ ಹಿಂದೆ ಇಂಗ್ ಬೇಕು. ‘ಐ ವಾಸ್ ವೆಂಟ್’ ತಪ್ಪು, ಅಲ್ಲಿ ಭೂತಕಾಲದ ಗುರುತು ಎರಡು ಸಲ ಬಿದ್ದಿದೆ. ‘ಐ ಡಿಡ್ ನಾಟ್ ವೆಂಟ್’ ಕೂಡ ಅಂಥದ್ದೇ. ಕಾಲವನ್ನು ‘ಡಿಡ್’ ಹೊತ್ತಾಯಿತು, ಇನ್ನು ‘ಗೋ’ ಖಾಲಿ ಕೈಯಲ್ಲಿ ಬರಬೇಕು: ಐ ಡಿಡ್ ನಾಟ್ ಗೋ. ‘ಡಸ್ ಹಿ ಗೋಸ್?’ ಅಲ್ಲ, ‘ಡಸ್ ಹಿ ಗೋ?’

ಈಗಿನದು

ರೂಢಿ, ಸದಾ ನಿಜವಾಗಿರುವ ಸಂಗತಿ, ಕೆಲಸದ ಕ್ರಮ ಇವಕ್ಕೆ ಸಿಂಪಲ್ ಪ್ರೆಸೆಂಟ್. ಬೀದರ್ ಕೋಟೆ ನೋಡಲು ಬಂದವರಿಗೆ ಬಿದ್ರಿ ಕೆಲಸ ವಿವರಿಸುವಾಗ ಇದೇ ಬೇಕು: ದಿ ಆರ್ಟಿಸನ್ ಕಾಸ್ಟ್ಸ್ ದಿ ಪೀಸ್ ಇನ್ ಜಿಂಕ್ ಅಂಡ್ ಕಾಪರ್, ಫಿಕ್ಸಸ್ ದಿ ಸಿಲ್ವರ್ ವೈರ್, ಅಂಡ್ ಬ್ಲ್ಯಾಕನ್ಸ್ ಇಟ್ ವಿತ್ ಸಾಯಿಲ್ ಫ್ರಮ್ ದಿ ಫೋರ್ಟ್. ಹಿ, ಶಿ, ಇಟ್ ಬಂದಾಗ ಕೊನೆಗೆ ಎಸ್ ಹಚ್ಚುವುದು ಮರೆಯುತ್ತದೆ. ಎಲ್ಲ ಆಳಿಗೂ ಪ್ರತ್ಯಯ ಹಚ್ಚುವ ನಮಗೆ ಒಂದೇ ಆಳಿಗೆ ಹಚ್ಚುವುದು ಹೊಸ ರೂಢಿ, ಅದಕ್ಕೇ ಜಾರುತ್ತದೆ.

ಗೌರವದ ಬಹುವಚನ ಇನ್ನೊಂದು ಗುಂಡಿ. ‘ಅಪ್ಪ ಬಂದಾರ’, ‘ಸರ್ ಹೇಳ್ತಾರ’ ಎನ್ನುವ ನಾಲಿಗೆ ‘ಮೈ ಫಾದರ್ ಹ್ಯಾವ್ ಕಮ್’, ‘ಸರ್ ಸೇ’ ಎಂದುಬಿಡುತ್ತದೆ. ಇಂಗ್ಲಿಷಿನ ಕ್ರಿಯಾಪದ ಗೌರವ ತೋರಿಸುವುದಿಲ್ಲ, ತಲೆ ಮಾತ್ರ ಎಣಿಸುತ್ತದೆ. ಒಬ್ಬರೇ ಇದ್ದರೆ ಮೈ ಫಾದರ್ ಹ್ಯಾಸ್ ಕಮ್, ಸರ್ ಸೇಸ್. ಹೀಗಂದರೆ ಅಪ್ಪನಿಗೆ ಮರ್ಯಾದೆ ಕಡಿಮೆ ಆಗುವುದಿಲ್ಲ.

ನಿಮ್ಮ ಮಾತಿನಲ್ಲಿ ‘ಲಾಕತ್ತ’ ಬಂದರೆ ಇಂಗ್ಲಿಷಿನಲ್ಲಿ ಇಂಗ್ ಬರುತ್ತದೆ. ಬರದಿದ್ದರೆ ಹಚ್ಚಬೇಡಿ. ‘ನಂಗ ಗೊತ್ತದ’, ‘ನಂಗ ಇಬ್ರು ತಮ್ಮಂದಿರು ಅದಾರ’, ‘ನಂಗ ನೌಕರಿ ಬೇಕು’ ಇವುಗಳಲ್ಲಿ ‘ಲಾಕತ್ತ’ ಎಲ್ಲಿದೆ? ಆದ್ದರಿಂದ ಐ ನೋ, ಐ ಹ್ಯಾವ್ ಟೂ ಬ್ರದರ್ಸ್, ಐ ವಾಂಟ್ ಎ ಜಾಬ್. ‘ಐ ಆಮ್ ನೋಯಿಂಗ್’, ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಎನ್ನುವವರು ಮನೆಮಾತನ್ನು ಕೇಳಿಸಿಕೊಂಡಿದ್ದರೆ ತಪ್ಪುತ್ತಿರಲಿಲ್ಲ. ಒಂದು ಅಪವಾದ ನೆನಪಿಡಿ: ‘ನಂಗ ತಿಳಿಲಾಕತ್ತಿಲ್ಲ’ ಎಂಬಲ್ಲಿಯೂ ಇಂಗ್ಲಿಷ್ ‘ಐ ಡೋಂಟ್ ಅಂಡರ್‌ಸ್ಟ್ಯಾಂಡ್’ ಎಂದೇ ಇರುತ್ತದೆ.

ಕರೆದಾಗ ನಾವು ಓಗೊಡುವ ‘ಬಂದೆ, ಬಂದೆ’ ಕೂಡ ಮೋಸ ಮಾಡುತ್ತದೆ. ರೂಪ ಭೂತಕಾಲದ್ದು, ಅರ್ಥ ‘ಬರ್ಲಾಕತ್ತೀನಿ’. ಹಾಗಾಗಿ ‘ಐ ಕೇಮ್’ ಅಲ್ಲ, ‘ಐ ಆಮ್ ಕಮಿಂಗ್’.

ಆಗಿಹೋದದ್ದು: ಇಲ್ಲೇ ನಿಧಾನ ಬೇಕು

‘ಅವ ಹೋದ’ ಮತ್ತು ‘ಅವ ಹೋಗ್ಯಾನ’ ಎರಡರ ನಡುವಿನ ಅಂತರವೇ ‘ಹಿ ವೆಂಟ್’ ಮತ್ತು ‘ಹಿ ಹ್ಯಾಸ್ ಗಾನ್’ ನಡುವಿನದು. ‘ಹೋಗ್ಯಾನ’ ಅಂದರೆ ಹೋದದ್ದರ ಫಲ ಈಗಲೂ ಇದೆ, ಅವನು ಇಲ್ಲಿಲ್ಲ. ‘ಬಸ್ ಬಂದದ’ ಅಂದರೆ ಬಸ್ಸು ಕಣ್ಮುಂದೆ ನಿಂತಿದೆ: ದಿ ಬಸ್ ಹ್ಯಾಸ್ ಕಮ್. ‘ಊಟ ಮಾಡ್ತೀರೇನು’ ಎಂದರೆ ‘ಇಲ್ರೀ, ಉಂಡೀನಿ’: ಐ ಹ್ಯಾವ್ ಈಟನ್. ಹೊಟ್ಟೆ ಈಗ ತುಂಬಿದೆ ಎನ್ನುವುದೇ ಅಲ್ಲಿಯ ಸುದ್ದಿ.

ಅನುಮಾನ ಬಂದರೆ ವಾಕ್ಯವನ್ನು ‘ಇಲ್ಲ’ಕ್ಕೆ ತಿರುಗಿಸಿ. ಇಡೀ ಕರ್ನಾಟಕದ ಕನ್ನಡದಲ್ಲಿ ಈ ಪರೀಕ್ಷೆ ನಡೆಯುತ್ತದೆ. ‘ಮಾಡಿಲ್ಲ’ ಎಂದು ಬಂದರೆ ಹ್ಯಾವ್ ನಾಟ್ ಡನ್. ‘ಮಾಡ್ಲಿಲ್ಲ’ ಎಂದು ಬಂದರೆ ಡಿಡ್ ನಾಟ್ ಡೂ. ‘ಮಾಡಂಗಿಲ್ಲ’ (ಬೆಂಗಳೂರು, ಮೈಸೂರು ಕಡೆ ‘ಮಾಡಲ್ಲ’) ಎಂದು ಬಂದರೆ ಡೂ ನಾಟ್ ಡೂ ಅಥವಾ ವಿಲ್ ನಾಟ್ ಡೂ. ‘ಇನ್ನಾ’ ಇದ್ದಲ್ಲಿ ‘ಯೆಟ್’, ‘ಆಗಲೇ’ ಇದ್ದಲ್ಲಿ ‘ಆಲ್ರೆಡಿ’ ಸೇರಿಕೊಳ್ಳುತ್ತದೆ.

ಆದರೆ ಒಂದು ಕಡೆ ಮನೆಮಾತು ಕೈಕೊಡುತ್ತದೆ. ‘ನಾ ನಿನ್ನೆನೇ ಬಂದೀನಿ’ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಇಂಗ್ಲಿಷ್ ಇದನ್ನು ಒಪ್ಪುವುದಿಲ್ಲ. ಮುಗಿದುಹೋದ ವೇಳೆಯ ಹೆಸರು ಬಂತೆಂದರೆ, ಅಂದರೆ ನಿನ್ನೆ, ಹೋದ ವಾರ, ಮುಂಜಾನೆ ಎಂಟಕ್ಕೆ, 2019ರಲ್ಲಿ ಎಂದು ಬಂತೆಂದರೆ, ಹ್ಯಾವ್ ಹೊರಗೆ ಹೋಗಬೇಕು. ‘ಐ ಹ್ಯಾವ್ ಕಮ್ ಯೆಸ್ಟರ್‌ಡೇ’ ತಪ್ಪು, ‘ಐ ಕೇಮ್ ಯೆಸ್ಟರ್‌ಡೇ’ ಸರಿ. ಬಹಮನಿಗಳ ಮಂತ್ರಿ ಮಹಮೂದ್ ಗವಾನ್ ಬೀದರಿನಲ್ಲಿ ಕಟ್ಟಿಸಿದ ಮದರಸಾದ ಬಗ್ಗೆ ಹೇಳುವಾಗ ‘ಗವಾನ್ ಬಿಲ್ಟ್ ದಿ ಮದರಸಾ ಇನ್ 1472’. ಕಟ್ಟಡ ಇವತ್ತಿಗೂ ನಿಂತಿದೆಯಲ್ಲ ಎಂದು ‘ಹ್ಯಾಸ್ ಬಿಲ್ಟ್’ ಹಾಕುವಂತಿಲ್ಲ. ಇಸವಿ ಬಿದ್ದ ಮೇಲೆ ಸಿಂಪಲ್ ಪಾಸ್ಟ್ ಒಂದೇ.

ಈ ಸೀಮೆಯಲ್ಲಿ ಅತಿ ಹೆಚ್ಚು ಕೇಳಿಬರುವ ತಪ್ಪು ‘ಹ್ಯಾಡ್’ನದು. ‘ಮೊನ್ನೆ ಬೀದರಿಗೆ ಹೋಗಿದ್ದೆ’ ಎಂಬುದನ್ನು ಪದಕ್ಕೆ ಪದ ಇಟ್ಟು ‘ಐ ಹ್ಯಾಡ್ ಗಾನ್ ಟು ಬೀದರ್’ ಎನ್ನುತ್ತಾರೆ. ಹಿಂದಿ, ದಖನಿಯ ‘ಗಯಾ ಥಾ’ ಕೂಡ ಅದೇ ಕಡೆಗೆ ಎಳೆಯುತ್ತದೆ. ಕನ್ನಡದಲ್ಲಿ ‘ಹೋಗಿದ್ದೆ’ ಅಂದರೆ ಹೋಗಿ ವಾಪಸ್ ಬಂದೆ, ಆ ಕೆಲಸ ಹಿಂದೆ ಬಿತ್ತು ಎಂದಷ್ಟೇ. ಇಂಗ್ಲಿಷಿಗೆ ಅದಕ್ಕೆ ‘ಐ ವೆಂಟ್ ಟು ಬೀದರ್’ ಸಾಕು. ‘ಹ್ಯಾಡ್ ಗಾನ್’ ಕೇಳಿದವರು ‘ಯಾವುದಕ್ಕಿಂತ ಮೊದಲು?’ ಎಂದು ಮುಂದಿನ ಮಾತಿಗೆ ಕಾಯುತ್ತಾರೆ. ಹಿಂದೆ ನಡೆದ ಎರಡು ಸಂಗತಿಗಳಿದ್ದು, ಒಂದು ಇನ್ನೊಂದಕ್ಕಿಂತ ಮೊದಲೇ ಮುಗಿದಿತ್ತು ಎಂದು ತೋರಿಸಬೇಕಾದಾಗ ಮಾತ್ರ ಹ್ಯಾಡ್. ಗವಾನ್ ಮದರಸಾ ಕಟ್ಟಿಸುವ ಹೊತ್ತಿಗೆ ಬಹಮನಿಗಳ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಹೋಗಿ ದಶಕಗಳೇ ಆಗಿದ್ದವು: ವೆನ್ ಗವಾನ್ ಬಿಲ್ಟ್ ದಿ ಮದರಸಾ, ದಿ ಬಹಮನಿಸ್ ಹ್ಯಾಡ್ ಆಲ್ರೆಡಿ ಮೂವ್ಡ್ ದೇರ್ ಕ್ಯಾಪಿಟಲ್ ಟು ಬೀದರ್. ಇಲ್ಲಿ ಹ್ಯಾಡ್‌ಗೆ ಕೆಲಸವಿದೆ. ‘ಇದ್ದೆ’, ‘ಇದ್ದ’, ‘ಇತ್ತು’ ಕಂಡ ಕೂಡಲೇ ಹ್ಯಾಡ್ ಹಾಕದೆ, ಎರಡನೇ ಸಂಗತಿ ಎಲ್ಲಿದೆ ಎಂದು ಹುಡುಕಿ. ಸಿಗದಿದ್ದರೆ ವಿ-ಟೂ.

‘ಮಾಡ್ಲಾಕತ್ತಿದ್ದೆ’ಗೆ ಪಾಸ್ಟ್ ಕಂಟಿನ್ಯುಯಸ್. ‘ನಾ ರೊಟ್ಟಿ ಬಡಿಲಾಕತ್ತಿದ್ದೆ, ಆವಾಗ ಕರೆಂಟ್ ಹೋತು’: ಐ ವಾಸ್ ಮೇಕಿಂಗ್ ರೊಟ್ಟಿ ವೆನ್ ದಿ ಪವರ್ ವೆಂಟ್. ಉದ್ದಕ್ಕೆ ನಡೆಯುತ್ತಿದ್ದದ್ದು ಇಂಗ್, ನಡುವೆ ಬಂದು ಬಡಿದದ್ದು ವಿ-ಟೂ.

‘-ಇಂದ’ ಎಂಬ ಪ್ರತ್ಯಯದ ಗೊಂದಲ

‘ಹತ್ತು ವರ್ಷದಿಂದ ಇಲ್ಲೇ ಅದೀನಿ’, ‘2014ರಿಂದ ಇಲ್ಲೇ ಅದೀನಿ’. ಎರಡಕ್ಕೂ ನಮ್ಮದು ಒಂದೇ ‘-ಇಂದ’, ಒಂದೇ ‘ಅದೀನಿ’. ಇಂಗ್ಲಿಷಿನಲ್ಲಿ ಎರಡು ಬದಲಾವಣೆ ಬೇಕು. ಹಿಂದೆ ಶುರುವಾಗಿ ಇನ್ನೂ ನಡೆದಿರುವುದಕ್ಕೆ ‘ಆಮ್’ ಸಾಲದು, ‘ಹ್ಯಾವ್ ಬೀನ್’ ಬೇಕು. ‘-ಇಂದ’ವನ್ನು ಸಿನ್ಸ್ ಮತ್ತು ಫಾರ್ ಎಂದು ಒಡೆಯಬೇಕು. ಕ್ಯಾಲೆಂಡರಿನಲ್ಲೋ ಗಡಿಯಾರದಲ್ಲೋ ಬೆರಳಿಟ್ಟು ‘ಇಲ್ಲಿಂದ’ ಎಂದು ತೋರಿಸಬಹುದಾದರೆ ಸಿನ್ಸ್: ಸಿನ್ಸ್ 2014, ಸಿನ್ಸ್ ಮಂಡೇ, ಸಿನ್ಸ್ ಮಾರ್ನಿಂಗ್. ಹಗ್ಗದಂತೆ ಉದ್ದ ಅಳೆಯುವುದಾದರೆ ಫಾರ್: ಫಾರ್ ಟೆನ್ ಇಯರ್ಸ್, ಫಾರ್ ತ್ರೀ ಡೇಸ್.

ನಮ್ಮ ಊರಿನ ಹೆಸರನ್ನೇ ನೋಡಿ, ಮೊದಲು ಗುಲ್ಬರ್ಗಾ, ಈಗ ಕಲಬುರಗಿ. ದಿ ಗವರ್ನಮೆಂಟ್ ಚೇಂಜ್ಡ್ ದಿ ನೇಮ್ ಇನ್ 2014. ದಿ ಸಿಟಿ ಹ್ಯಾಸ್ ಬೀನ್ ಕಲಬುರಗಿ ಸಿನ್ಸ್ 2014. ಬದಲಾಯಿಸಿದ್ದು ಒಂದು ದಿನ ಮುಗಿದ ಕೆಲಸ, ಹೆಸರು ಇನ್ನೂ ನಡೆದಿದೆ. ಒಂದೇ ಇಸವಿ, ಎರಡು ಟೆನ್ಸ್.

ಮುಂದಿನದು

‘ದಿನಾ ಬರ್ತೀನಿ’, ‘ನಾಳೆ ಬರ್ತೀನಿ’ ನಮಗೆ ಒಂದೇ ರೂಪ, ಅದಕ್ಕೇ ‘ಟುಮಾರೋ ಐ ಕಮ್’ ಹುಟ್ಟುವುದು. ಮಾತಾಡುವಾಗಲೇ ನಿರ್ಧಾರ ಮಾಡಿದ್ದಕ್ಕೆ ವಿಲ್: ‘ತಡಿ, ನಾ ತರ್ತೀನಿ’ ಅಂದರೆ ಐ ವಿಲ್ ಬ್ರಿಂಗ್ ಇಟ್. ಮೊದಲೇ ಮನಸ್ಸು ಮಾಡಿದ್ದಕ್ಕೆ ನಮ್ಮಲ್ಲಿ ಸೊಗಸಾದ ರೂಪವಿದೆ, ಗಂಡಸರು ‘ಹೋಗಾಂವ ಅದೀನಿ’, ಹೆಂಗಸರು ‘ಹೋಗಾಕಿ ಅದೀನಿ’ ಎನ್ನುವುದು. ಅದಕ್ಕೆ ಐ ಆಮ್ ಗೋಯಿಂಗ್ ಟು ಗೋ. ಟಿಕೆಟ್ ಆಗಿ ಏರ್ಪಾಡು ಮುಗಿದಿದ್ದರೆ ಐ ಆಮ್ ಗೋಯಿಂಗ್ ಟು ಬೆಂಗಳೂರು ಟುಮಾರೋ. ಗಾಡಿಯ ವೇಳಾಪಟ್ಟಿಗೆ ಸಿಂಪಲ್ ಪ್ರೆಸೆಂಟ್: ದಿ ಟ್ರೈನ್ ಲೀವ್ಸ್ ಅಟ್ ಸೆವೆನ್.

‘ಅವ ಬಂದ್ರ’, ‘ಅವ ಬಂದಾಗ’ ಎಂಬ ಭಾಗದಲ್ಲಿ ವಿಲ್ ಬೇಡ. ಇಫ್ ಹಿ ಕಮ್ಸ್, ಐ ವಿಲ್ ಟೆಲ್ ಹಿಮ್. ವಿಲ್ ಎರಡನೇ ಭಾಗದಲ್ಲಿ ಒಮ್ಮೆ ಬಂದರೆ ಮುಗಿಯಿತು.

ಸಂದರ್ಶನದ ಪರಿಚಯವೊಂದರ ರಿಪೇರಿ

ನೌಕರಿಗೆ ಹೋದಾಗ ಬಾಯಿಗೆ ಬರುವ ಸಾಲುಗಳಿವು: ‘ಐ ಆಮ್ ಬಾರ್ನ್ ಇನ್ ಶಹಾಪುರ. ಐ ಹ್ಯಾವ್ ಕಂಪ್ಲೀಟೆಡ್ ಬಿ.ಕಾಂ. ಇನ್ 2022. ಐ ಆಮ್ ವರ್ಕಿಂಗ್ ಇನ್ ಎ ದಾಲ್ ಮಿಲ್ ಸಿನ್ಸ್ ಟೂ ಇಯರ್ಸ್. ಇಫ್ ಯು ವಿಲ್ ಸೆಲೆಕ್ಟ್ ಮಿ, ಐ ವಿಲ್ ಜಾಯಿನ್.’

ಹುಟ್ಟಿದ್ದು ಮುಗಿದ ಸಂಗತಿ, ಆದ್ದರಿಂದ ‘ಐ ವಾಸ್ ಬಾರ್ನ್’ (ಇದು ಇಡಿಯಾಗಿ ಕಲಿಯಬೇಕಾದ ಮಾತು, ಇಂಗ್ ಕೊಂಡಿ ಇದಕ್ಕಿಲ್ಲ). 2022 ಎಂಬ ಇಸವಿ ಬಿದ್ದಿದೆ, ಹ್ಯಾವ್ ತೆಗೆಯಿರಿ: ‘ಐ ಕಂಪ್ಲೀಟೆಡ್’. ಇಸವಿ ಹೇಳದಿದ್ದರೆ ‘ಐ ಹ್ಯಾವ್ ಕಂಪ್ಲೀಟೆಡ್ ಬಿ.ಕಾಂ.’ ಸರಿಯೇ. ಎರಡು ವರ್ಷ ಎಂಬುದು ಅಳತೆ, ಕೆಲಸ ಇನ್ನೂ ನಡೆದಿದೆ: ‘ಐ ಹ್ಯಾವ್ ಬೀನ್ ವರ್ಕಿಂಗ್ ಇನ್ ಎ ದಾಲ್ ಮಿಲ್ ಫಾರ್ ಟೂ ಇಯರ್ಸ್’. ಇಫ್ ಭಾಗದ ವಿಲ್ ಹೋಗಲಿ: ‘ಇಫ್ ಯು ಸೆಲೆಕ್ಟ್ ಮಿ’.

ಸಾಧನೆ

ದಿನಕ್ಕೆ ಒಂದು ಕ್ರಿಯಾಪದ ಸಾಕು. ಆರಂಭದ ನಾಲ್ಕು ಮನೆಮಾತಿನಲ್ಲಿ ಅದನ್ನು ಹೇಳಿ, ಪ್ರತಿಯೊಂದಕ್ಕೂ ಹೌದು, ಇಲ್ಲ, ಪ್ರಶ್ನೆ ಎಂದು ಮೂರು ಇಂಗ್ಲಿಷ್ ವಾಕ್ಯ ಮಾಡಿ. ಹನ್ನೆರಡು ವಾಕ್ಯಕ್ಕೆ 15 ನಿಮಿಷ ಹಿಡಿಯುತ್ತದೆ. ಬರೆದು ಬಿಡಬೇಡಿ, ಕೊನೆಯ ಟ್, ಡ್ ಕೇಳುವಂತೆ ಗಟ್ಟಿಯಾಗಿ ಓದಿ. ನಿಯಮಕ್ಕೆ ಸಿಗದ 60ನ್ನು ದಿನಕ್ಕೆ ಐದರಂತೆ ಗುಂಪು ಗುಂಪಾಗಿ ತಗೊಂಡರೆ 12 ದಿನ.

ಕೆಳಗಿನ ಆರನ್ನು ಉತ್ತರ ಮುಚ್ಚಿಟ್ಟು ಮಾಡಿ ನೋಡಿ.

ಅವ್ವ ಹಪ್ಪಳ ಒಣಗಸ್ಲಾಕತ್ತಾಳ. ಹ್ವಾದ ವರ್ಷ ಉರುಸಿಗೆ ಹೋಗಿದ್ವಿ. ಬಸ್ ಇನ್ನಾ ಬಂದಿಲ್ಲ. ಸರ್ ನಿನ್ನೆ ಬರ್ಲಿಲ್ಲ. ಮೂರು ದಿನದಿಂದ ಮಳಿ ಬರ್ಲಾಕತ್ತದ. ನಾವು ಸ್ಟೇಷನ್ನಿಗೆ ಹೋಗೋದ್ರಾಗ ಗಾಡಿ ಹೋಗಿತ್ತು.

ಉತ್ತರ: ಮದರ್ ಇಸ್ ಡ್ರೈಯಿಂಗ್ ಹಪ್ಪಳ. ವಿ ವೆಂಟ್ ಟು ದಿ ಉರುಸ್ ಲಾಸ್ಟ್ ಇಯರ್. ದಿ ಬಸ್ ಹ್ಯಾಸ್ ನಾಟ್ ಕಮ್ ಯೆಟ್. ಸರ್ ಡಿಡ್ ನಾಟ್ ಕಮ್ ಯೆಸ್ಟರ್‌ಡೇ. ಇಟ್ ಹ್ಯಾಸ್ ಬೀನ್ ರೈನಿಂಗ್ ಫಾರ್ ತ್ರೀ ಡೇಸ್. ಬೈ ದಿ ಟೈಮ್ ವಿ ರೀಚ್ಡ್ ದಿ ಸ್ಟೇಷನ್, ದಿ ಟ್ರೈನ್ ಹ್ಯಾಡ್ ಲೆಫ್ಟ್. ಎರಡನೆಯದರಲ್ಲೂ ಆರನೆಯದರಲ್ಲೂ ಕನ್ನಡದ ರೂಪ ಒಂದೇ ಜಾತಿಯದು. ಹ್ಯಾಡ್ ಬಂದದ್ದು ಆರನೆಯದರಲ್ಲಿ ಮಾತ್ರ, ಏಕೆಂದರೆ ಗಾಡಿ ಹೋದದ್ದು ನಾವು ಮುಟ್ಟುವುದಕ್ಕಿಂತ ಮೊದಲು.